ಸೋಮವಾರ ರಾತ್ರಿ ಎರಡು ಗಂಟೆ

೨೦೨೨ರ ಹಿಂಗಾರು. ಸಿಂದಗಿ, ಬಸವನ ಬಾಗೇವಾಡಿಯ ಕಚೇರಿಗಳಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡು, ನಿವೃತ್ತನಾಗಿ ಮುದ್ದೇಬಿಹಾಳದಲ್ಲಿ ನೆಲೆಸಿದ್ದೆ. ಮೊದಲ ಕೆಲವು ವರ್ಷ ಪ್ರೋಗ್ರಾಂ ಬರೆದಿದ್ದೆ. ಆಮೇಲೆ ಬರೆದದ್ದು ಬರೀ ಸಹಿ. ಹತ್ತಿರದ ಹಳ್ಳಿಯ ನೀರು ಬಳಕೆದಾರರ ಸಂಘದವರು ಕಾಲುವೆ ನೀರಿನ ಪಾಳಿಯನ್ನು ರೈತರ ಫೋನಿಗೆ ತಿಳಿಸುವ ಪ್ರೋಗ್ರಾಂ ಕೇಳಿದಾಗ ಕೈ ಮತ್ತೆ ತುರಿಸತೊಡಗಿತು.

ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತನಾದ ಗೆಳೆಯ ದೇಶಪಾಂಡೆ ಇಂಡಿ ಊರಿನಿಂದ ನೆರವಿಗೆ ಬಂದ. ಪ್ರೋಗ್ರಾಂ ಬರೆಯಲು ನಾನು ಸಿ ಭಾಷೆ ಅಂದೆ, ಅವನು ಪೈಥಾನ್ ಅಂದ. ಅಲ್ಲಿಂದ ಕೆಲಸ ನಿಂತಿತು.

"ಸಿ ಅಂದ್ರ, ಚಾ ಕುಡಿಯಾಕ ಮೊದಲ ಮಣ್ಣ ಕಲಸಿ ಕಪ್ಪ ಸುಡೋದು ಇದ್ದಂಗಲೇ," ಅಂದ.

"ನಿನ್ನ ಪೈಥಾನ್ ಮದುವಿ ಊಟ. ಎಲಿಗಿ ಬಿದ್ದದ್ದನ್ನ ಯಾರ್ ಮಾಡ್ಯಾರ ಅಂತ ಕೇಳಾಂಗಿಲ್ಲ."

ಈ ಎರಡನೆಯದನ್ನು ನಾನೇ ಅಂದೆನೋ ಇಲ್ಲವೋ ಖಾತ್ರಿಯಿಲ್ಲ. ಕಥೆ ಹೇಳುವಾಗ ಚಲೋ ಮಾತೆಲ್ಲ ನನ್ನ ಪಾಲಿಗೇ ಬಂದುಬಿಡುತ್ತದೆ. ಕೊನೆಗೆ ಇಬ್ಬರೂ ಒಂದೊಂದು ಬರೆದು ತಾಳೆ ನೋಡುವುದೆಂದಾಯಿತು. ಪ್ರತಿ ಪಾಳಿಗೂ ಎರಡೂ ಒಂದೇ ಸಮಯ ತೋರಿಸಿದವು. ಹಾಗಾದರೂ ವೇಗ ಯಾವುದರದು ಎಂಬ ಜಗಳ ಮುಗಿಯಲಿಲ್ಲ.

ಸೋಮವಾರ ಬೆಳಿಗ್ಗೆ ಕಾಲುವೆಗೆ ನೀರು ಬಿಟ್ಟರು. ಬುಧವಾರ ಶಾಂತವ್ವ ಸಂಘದ ಕಚೇರಿಗೆ ಬಂದಳು. ಕಾಲುವೆಯ ತುದಿಯಲ್ಲಿ ಅವಳ ಕಡಲೆ ಹೊಲ; ಹೂವಿನ ಹೊತ್ತು, ಈ ನೀರೊಂದು ಸಿಕ್ಕರೆ ಬೆಳೆ.

"ನಿಮ್ಮ ಫೋನ್ ಕರದಾಗ ನೀರಿರಲಿಲ್ಲ. ನೀರ ಬಂದಾಗ ಫೋನ್ ಕರೀಲಿಲ್ಲ. ಹೂವಕ್ಕ ಏನಂತ ಹೇಳ್ಲಿ ಸಾಹೇಬ್ರ?"

ಸಂಘದ ಪಟ್ಟಿಯಲ್ಲಿ ಅವಳ ಪಾಳಿ ಸೋಮವಾರ ರಾತ್ರಿ ಎರಡು ಗಂಟೆಗೆ. ನಡೆದದ್ದಿಷ್ಟು: ಫೋನು ಕರೆದಂತೆ ಹೋದಾಗ ಕಾಲುವೆ ಒಣಗಿತ್ತು. ಮರುರಾತ್ರಿ ಫೋನು ಸುಮ್ಮನಿತ್ತು, ಅವಳು ಮಲಗಿದ್ದಳು; ಅವಳ ಪಾಲಿನ ನೀರು ಹಳ್ಳ ಸೇರಿತು.

ದೇಶಪಾಂಡೆ ತಪ್ಪನ್ನು ಸಂಘದಲ್ಲಿ ಓಡುತ್ತಿದ್ದ ನನ್ನ ಸಿ ಮೇಲೆ ಹೊರಿಸಿದ. ನಾನು ಅವನದನ್ನೇ ಓಡಿಸಿ ತೋರಿಸಿದೆ. ಅದೂ ಅದೇ ಸಮಯ ಹೇಳಿತು. "ನೋಡು, ಎರಡೂ ಹೊಂದ್ಯಾವ!" ಎಂದು ಅವನ ಮುಖ ಅರಳಿತು. ಆ ಹೆಂಗಸಿನೆದುರು ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಸೋಮವಾರ ರಾತ್ರಿ ಎರಡು ಅಂದರೆ ನಿನಗೆ ಯಾವಾಗ ಎಂದು ಕೊನೆಗೆ ಅವಳನ್ನೇ ಕೇಳಿದೆ.

"ಸೋಮವಾರ ಉಂಡು ಮಲಗಿ, ಮಂಗಳವಾರ ಏಳೋದ್ರೊಳಗ. ಮತ್ಯಾವಾಗ್ರಿ?"

ನಮ್ಮ ಎರಡೂ ಪ್ರೋಗ್ರಾಂಗಳಿಗೆ ದಿನ ಹುಟ್ಟುವುದು ನಡುರಾತ್ರಿ. ಹೀಗಾಗಿ ಅವಳ ಎರಡು ಗಂಟೆ ಒಂದು ದಿನ ಮೊದಲೇ, ಭಾನುವಾರ ಉಂಡು ಮಲಗಿದ ರಾತ್ರಿಯೇ, ನೀರು ಬಿಡುವ ಮುಂಚೆಯೇ ಬಂದುಹೋಗಿತ್ತು. ಹೆಚ್ಚು ಸಿಟ್ಟು ಬಂದದ್ದು ದೇಶಪಾಂಡೆಯ ಮೇಲೆ. ಏಕಾದಶಿ ಹಿಡಿಯುವ ಮನುಷ್ಯ. ರಾತ್ರಿ ಹನ್ನೆರಡು ಬಡಿಯಿತೆಂದು ಎಂದಾದರೂ ತಾಟಿಗೆ ಕೈಹಾಕಿದ್ದಾನೆಯೇ? ಸೂರ್ಯ ಹುಟ್ಟುವ ತನಕ ಅವನಿಗೂ ದಿನ ಮುಗಿಯುವುದಿಲ್ಲ. ನಾನೂ ಅದೇ ಮಣ್ಣಿನವನು. ಕೀಬೋರ್ಡಿನೆದುರು ಕುಳಿತೊಡನೆ ಇಬ್ಬರಿಗೂ ಅದು ಮರೆತಿತ್ತು.

ತಿದ್ದಲು ಎರಡೂ ಭಾಷೆಯಲ್ಲಿ ಒಂದೇ ಸಾಲು ಸಾಕಾಯಿತು. ಯಾವುದರಲ್ಲಿ ಆ ಸಾಲು ಚೆಂದ ಎಂದು ದೇಶಪಾಂಡೆ ಬಾಯಿ ತೆರೆದ. ಅವನನ್ನು ಚಾ ತರಲು ಹೊರಗೆ ಕಳಿಸಿದೆ. ಸಂಘದವರು ಮೇಲಿನ ಹೊಲದವನನ್ನು ಒಪ್ಪಿಸಿ, ಅವನ ಪಾಳಿಯಲ್ಲಿ ಶಾಂತವ್ವನಿಗೆ ಸ್ವಲ್ಪ ನೀರು ಕೊಡಿಸಿದರು.

ಸಿ ಮೇಲು ಎಂದು ಈಗಲೂ ನಂಬಿದ್ದೇನೆ. ಆದರೆ ಯಾರ ಪಾಳಿಯೋ ಅವರ ದಿನ ಎಲ್ಲಿ ಶುರುವಾಗುತ್ತದೆಂದು ಕೇಳದೆ ಒಂದು ಸಾಲನ್ನೂ ಬರೆಯುವುದಿಲ್ಲ. ಆ ವರ್ಷ ಅವಳ ಹೊಲದ ಮೇಲಿನ ಅರ್ಧ ಕಾಳು ಕಟ್ಟಿತು. ಕೆಳಗಿನ ಅರ್ಧ ಹೂವಿನಲ್ಲೇ ಒಣಗಿತು. ಅದನ್ನು ತಿದ್ದುವ ಸಾಲು ಯಾವ ಭಾಷೆಯಲ್ಲೂ ಇರಲಿಲ್ಲ.