ಹಲಸಿನ ಮರವನ್ನು ಬೈದ ಯುಗಾದಿ

ಈಗ ವಿಜಯನಗರ ಬಡಾವಣೆಯ ಮನೆಗಳು ಒತ್ತೊತ್ತಾಗಿ ನಿಂತಿರುವ ಕಡೆ ಐವತ್ತರ ದಶಕದಲ್ಲಿ ನಮ್ಮ ಬಾಳೆತೋಟವಿತ್ತು. ಎತ್ತು ಕಟ್ಟಿ ಕಪಿಲೆಯಲ್ಲಿ ಎತ್ತಿದ ಬಾವಿನೀರು ಬಾಳೆಗೆ ಕಾಲುವೆಯಲ್ಲೇ ಹರಿದುಹೋಗುತ್ತಿತ್ತು. ದಿಬ್ಬದ ಮೇಲಿದ್ದ ಒಂದೇ ಒಂದು ಹಲಸಿನ ಮರಕ್ಕೆ ಮಾತ್ರ ಅವ್ವ ಕೊಡದಲ್ಲಿ ಹೊರಬೇಕಿತ್ತು. ಅದು ಅಪ್ಪನ ತಾಯಿ, ನಮ್ಮಜ್ಜಿ, ತನ್ನ ತವರಿನಿಂದ ಬೀಜ ತಂದು ಹಾಕಿದ ಮರ. ಆನೆಯಂತೆ ಬೆಳೆದಿತ್ತು, ಒಂದೂ ಕಾಯಿ ಬಿಟ್ಟಿರಲಿಲ್ಲ. ಆದರೂ ಅದಕ್ಕಿದ್ದ ಮರ್ಯಾದೆ ಮನೆಯಲ್ಲಿ ಅಪ್ಪನಿಗೂ ಇರಲಿಲ್ಲ.

ಪ್ರತಿ ಯುಗಾದಿಗೂ ಸೋದರಮಾವ ಗಾಡಿ ಕಟ್ಟಿಕೊಂಡು ಅವ್ವನನ್ನು ತವರಿಗೆ ಕರೆಯಲು ಬರುತ್ತಿದ್ದ. ಪ್ರತಿ ಸಲವೂ ಅಜ್ಜಿ, "ಮರಕ್ಕೆ ನೀರು ಹಾಕೋರ್ಯಾರಪ್ಪ?" ಎಂದು ಮಜ್ಜಿಗೆ ಕುಡಿಸಿ ಕಳಿಸುತ್ತಿದ್ದಳು. ನಾನು ಹುಟ್ಟಿದ ಮೇಲೆ ಅವ್ವ ಒಂದು ಹಬ್ಬಕ್ಕೂ ತವರು ಕಂಡಿರಲಿಲ್ಲ. ಖಾಲಿ ಗಾಡಿ ಮರೆಯಾಗುವವರೆಗೂ ಅವಳು ಕೊಡ ಹಿಡಿದು ನೋಡುತ್ತಿದ್ದುದು ನೆನೆದರೆ ನನಗೆ ಇಂದಿಗೂ ಸಂಕಟ.

ಒಂದು ಬೇಸಿಗೆ, ಯುಗಾದಿಗೆ ಮುಂಚೆ, ಅಜ್ಜಿ ಮರವನ್ನು ಹೆದರಿಸಲು ತೀರ್ಮಾನಿಸಿದಳು. ನಮ್ಮಲ್ಲಿ ಅದೊಂದು ಪದ್ಧತಿ. ಕಾಯಿ ಬಿಡದ ಮರದ ಮುಂದೆ ಒಬ್ಬರು ಮಚ್ಚು ಎತ್ತಿ ಕಡಿಯುತ್ತೇನೆಂದು ಗದರಬೇಕು. ಇನ್ನೊಬ್ಬರು ಮರದ ಪರವಾಗಿ ಬೇಡಿಕೊಂಡು ಬಿಡಿಸಬೇಕು. ಗದರುವ ಕೆಲಸ ಅಪ್ಪನಿಗೆ ಬಿತ್ತು. ಅಪ್ಪನೋ, ಎತ್ತಿಗೂ ಜೋರು ಮಾಡದ ಆಸಾಮಿ. ಮಚ್ಚನ್ನು ಬೆನ್ನ ಹಿಂದೆ ಮರೆಸಿಕೊಂಡು, "ಈ ಸಲ ಒಂಚೂರು ಮನಸ್ಸು ಮಾಡಿದ್ರೆ ಚೆನ್ನಾಗಿತ್ತು," ಎಂದ.

"ಬಯ್ಯೋ ಅಂದ್ರೆ ಹೆಣ್ಣು ಕೇಳಾಕೆ ಬಂದೋನಂಗಾಡ್ತೀಯಲ್ಲೋ!" ಅಜ್ಜಿ ರೇಗಿ ಅವ್ವನತ್ತ ತಿರುಗಿದಳು. "ನೀನಾರ ಬಯ್ಯವ್ವ."

ಅತ್ತೆಯ ಎದುರು ಎಂದೂ ದನಿ ಎತ್ತದ ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಏನಂದ್ಕಂಡಿದ್ದೀಯ ನೀನು?" ಎಂದು ಅಪ್ಪನ ಕೈಯ ಮಚ್ಚು ಕಿತ್ತು ಎತ್ತಿದ ರಭಸಕ್ಕೆ ಮರದ ಕಾಗೆಗಳೆಲ್ಲ ಎದ್ದವು. "ನೀರು ಹೊತ್ತೂ ಹೊತ್ತೂ ನನ್ನ ಸೊಂಟ ಬಿದ್ದೋಯ್ತು. ಒಂದಿನ ಸಾಕು ಕಣವ್ವ ಅಂದಿದೀಯಾ? ನೀನು ತವರಿನ ಗುರುತು ಅಂತ ಎಲ್ರೂ ತಲೆ ಮೇಲೆ ಮಡಿಕಂಡವ್ರೆ. ನಂಗೂ ಒಂದು ತವರೈತೆ ಅಂತ ನೆಪ್ಪೈತಾ ನಿಂಗೆ? ಹಬ್ಬಕ್ಕೆ ನಮ್ಮವ್ವನ ಮೊಕ ನೋಡ್ದಂಗೇ ಸಾಯ್ಬೇಕಾ ನಾನು?"

ಅಪ್ಪ ಮೆಲ್ಲಗೆ ಬಾಳೆಯ ಮರೆಗೆ ಸರಿದ. ಬೇಡಿಕೊಳ್ಳುವ ಸರದಿ ಅಜ್ಜಿಯದು, ತಪ್ಪಿಸಿಕೊಳ್ಳುವ ಹಾಗಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಅವ್ವನ ಕೈ ಹಿಡಿದಳು.

"ಬುಟ್ಬುಡವ್ವ, ತೆಪ್ಪಾಯ್ತು," ಎಂದಳು ತಗ್ಗಿದ ದನಿಯಲ್ಲಿ. ಆಮೇಲೆ ಮರದತ್ತ ಕೈ ತೋರಿ, "ಅಂತೈತೆ ಮರ," ಎಂದು ಸೇರಿಸಿದಳು.

ಆ ಯುಗಾದಿಗೆ ಅವ್ವನೂ ನಾನೂ ಗಾಡಿ ಹತ್ತಿದೆವು. ದಿಬ್ಬಕ್ಕೆ ನೀರು ಹೊತ್ತವನು ಅಪ್ಪ.

ಮರ ಮುಂದಿನ ವರ್ಷವೂ ಕಾಯಿ ಬಿಡಲಿಲ್ಲ. ಸೋದರಮಾವ ಮತ್ತೆ ಬಂದು ಜಗಲಿಯಲ್ಲಿ ಕೂತ. ಅಜ್ಜಿ ಮಜ್ಜಿಗೆಯ ಲೋಟ ಅವನ ಕೈಗಿಟ್ಟು, "ಮರಕ್ಕೆ ನೀರು..." ಎಂದು ಶುರುಮಾಡಿದಳು. ಅವ್ವ ಸೆರಗು ಸಿಕ್ಕಿಸಿಕೊಂಡು, ಸೂರಿನ ಸಂದಿಯಲ್ಲಿದ್ದ ಮಚ್ಚಿಗೆ ಕೈ ಹಾಕಿದಳು.

"ಮಡಗವ್ವ ಅದ," ಎಂದಳು ಅಜ್ಜಿ. "ಹೋಗ್ಬುಟ್ಟು ಬಾ."