ಅರಿಶಿನದ ಕೊಂಬಿಗೆ ನಾಲ್ಕು ಪುಟ

೧೯೯೩ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಮೇಷ್ಟ್ರು ತಡೆಯಲಿಲ್ಲ, ನಾನೂ ತಿರುಗಿ ನೋಡಲಿಲ್ಲ. ಬೆಟ್ಟದಪುರದಿಂದ ಹುಣಸೂರಿಗೆ ಬಂದು ಒಬ್ಬ ಡಾಕ್ಟರ ಎಕ್ಸ್-ರೇ ಕೋಣೆಯಲ್ಲಿ ಫಿಲಂ ತೊಳೆಯುವ ಕೆಲಸ ಹಿಡಿದೆ. ಹನ್ನೆರಡು ವರ್ಷ ಕೆಂಪು ಬಲ್ಬಿನ ಕೆಳಗೆ ನಿಂತು ಇಡೀ ತಾಲ್ಲೂಕಿನ ಎದೆಗೂಡುಗಳನ್ನು ತೊಳೆದು ಒಣಗಹಾಕಿದ್ದೇನೆ. ಡಾಕ್ಟರು ಕೆಲಸ ನಿಲ್ಲಿಸಿದಾಗ ಆ ಕೋಣೆಯನ್ನೇ ನಾನು ವಹಿಸಿಕೊಂಡೆ. ಈಗ ಅಲ್ಲಿ ಗುಂಡಿ ಒತ್ತಲು ಡಿಪ್ಲೊಮಾ ಮಾಡಿದ ಟೆಕ್ನಿಷಿಯನ್ ಹೆಣ್ಣುಮಗಳಿದ್ದಾಳೆ, ವರದಿ ಬರೆಯಲು ಮೈಸೂರಿನ ಡಾಕ್ಟರಿದ್ದಾರೆ. ಉಳಿದಿದ್ದೆಲ್ಲ ನಾನು.

ಹೋದ ವರ್ಷ ಇನ್ಶೂರೆನ್ಸಿನವರಿಂದ ಒಂದು ಕಾಗದ ಬಂತು. ಗುಣಮಟ್ಟದ ಸರ್ಟಿಫಿಕೇಟ್ ಇಲ್ಲದ ಸೆಂಟರಿಗೆ ಇನ್ನು ಮುಂದೆ ಇನ್ಶೂರೆನ್ಸ್ ಕಾರ್ಡಿನವರನ್ನು ಕಳಿಸುವುದಿಲ್ಲವಂತೆ. ನನ್ನಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಕಾರ್ಡಿನವರು. ಸರ್ಟಿಫಿಕೇಟ್ ಸಿಗದಿದ್ದರೆ ನಾನು ಬಾಗಿಲು ಹಾಕಬೇಕು, ಹನಗೋಡಿನಂಥ ಸುತ್ತಲ ಹಳ್ಳಿಯವರು ಮೈಸೂರಿಗೆ ಹೋಗಿ ಕೆಮ್ಮಬೇಕು.

ಸರ್ಟಿಫಿಕೇಟಿಗೆ ತಯಾರು ಮಾಡಲೆಂದೇ ಒಬ್ಬ ಕನ್ಸಲ್ಟೆಂಟ್ ಸಿಕ್ಕಿದ. ಬಂದವನೇ ಲ್ಯಾಪ್‌ಟಾಪ್ ತೆರೆದು, "ನಿಮ್ಮ ಕ್ವಾಲಿಫಿಕೇಷನ್ ಸಾರ್?" ಎಂದ.

"ಒಂಬತ್ತನೇ ಕ್ಲಾಸು. ಅದೂ ಅರ್ಧ."

ಬೆರಳು ಕೀಲಿಯ ಮೇಲೇ ನಿಂತಿತು. "ಅದನ್ನ ಖಾಲಿ ಬಿಡೋಣ ಬಿಡಿ" ಎಂದ.

ಎರಡು ತಿಂಗಳಲ್ಲಿ ಹನ್ನೊಂದು ಫೈಲು ಎದ್ದು ನಿಂತವು. ಕೈ ತೊಳೆಯುವುದು ಹೇಗೆಂದು ಒಂದು ಕಾಗದ, ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕೆಂದು ಒಂದು ಕಾಗದ. ನಮ್ಮಲ್ಲಿರುವುದು ಒಂದೇ ಬಾಗಿಲು. ಕಾಗದ ಬರೆಯುವುದು ಹೇಗೆಂಬುದಕ್ಕೂ ಒಂದು ಕಾಗದ. ನಾನೇಕೆ ಸುಳ್ಳು ಹೇಳಲಿ; ಕಿರಣ ತಡೆಯುವ ಸೀಸದ ಏಪ್ರನ್ ಮಡಚಿದರೆ ಸೀಳು ಬೀಳುತ್ತದೆ, ನೇತುಹಾಕಬೇಕು ಎಂದು ಆತ ಹೇಳಿದ್ದು ಸರಿಯೇ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕುವ ಊರಲ್ಲಿ ಬೆಳೆದವನ ಏಪ್ರನ್‌ಗಳು ಆಗಲೇ ನೇತಾಡುತ್ತಿದ್ದವು ಎಂಬುದನ್ನು ಮಾತ್ರ ಅವನು ನೋಡಿರಲಿಲ್ಲ.

ಅವನ ಕಣ್ಣಿಗೆ ಬಿದ್ದದ್ದು ಯಂತ್ರದ ಪಕ್ಕದ ಸ್ಟೀಲ್ ಡಬ್ಬಿ.

"ಏನ್ ಸಾರ್ ಇದು?"

"ಅರಿಶಿನದ ಕೊಂಬು, ದಾರ."

"ಯಾವ ಲಿಸ್ಟಲ್ಲಿದೆ?"

"ಗ್ರಂಧಿಗೆ ಅಂಗಡಿ ಲಿಸ್ಟಲ್ಲಿ."

ಅವನು ನಗಲಿಲ್ಲ. ಡಬ್ಬಿಯನ್ನು ಕಸದ ಚೀಲಕ್ಕೆ ಸುರಿದ.

ಆ ಡಬ್ಬಿಯ ಕಥೆ ಹೇಳಬೇಕು. ನಮ್ಮ ಕಡೆ ಗಂಡ ಬದುಕಿರುವವರೆಗೆ ಹೆಂಗಸಿನ ಕೊರಳು ಬರಿದಾಗುವಂತಿಲ್ಲ. ಆದರೆ ತಾಳಿಯ ಗುಂಡುಗಳು ಎಕ್ಸ್-ರೇಯಲ್ಲಿ ಶ್ವಾಸಕೋಶದ ಮೇಲೆ ಬೆಳ್ಳಗೆ ಕೂರುತ್ತವೆ. ಬೆನ್ನಿಗೆ ತಿರುಗಿಸಿದರೂ ಬೀಳುತ್ತವೆ, ಕಿರಣಕ್ಕೆ ಹಿಂದು ಮುಂದು ಎಂಬುದಿಲ್ಲ. ಹಿಂದೊಮ್ಮೆ ಸಾಲಿಗ್ರಾಮದ ಕಡೆಯ ಮುದುಕಿಯೊಬ್ಬಳು ನನ್ನ ಪೇಚಾಟ ನೋಡಿ, ಸೆರಗಿನ ಗಂಟು ಬಿಚ್ಚಿ, ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ಆಮೇಲೆ ಚಿನ್ನ ತೆಗೆದಳು. ಆವತ್ತಿನಿಂದ ಡಬ್ಬಿ ಇಟ್ಟೆ. ದಾರ ಗಿಡ್ಡವಾಗಿರಬೇಕು, ಕೊಂಬು ಗಂಟಲ ಹಳ್ಳದಲ್ಲೇ ನಿಲ್ಲಬೇಕು, ಅಷ್ಟೆ. ಈಗ ಆ ಜಾಗದಲ್ಲಿ ಚೌಕಟ್ಟು ಹಾಕಿದ ಇಂಗ್ಲಿಷ್ ಬೋರ್ಡು ಬಂತು: ಲೋಹದ ಆಭರಣಗಳನ್ನೆಲ್ಲ ತೆಗೆಯತಕ್ಕದ್ದು.

ಸರ್ಟಿಫಿಕೇಟಿನ ತಪಾಸಣೆಗೆ ಡಾಕ್ಟರು ಬರುವ ಹಿಂದಿನ ದಿನ ಕನ್ಸಲ್ಟೆಂಟ್ ಹತ್ತಿರ ಬಂದು ಮೆಲ್ಲಗೆ, "ನಾಳೆ ನೀವು ಸ್ವಲ್ಪ ಆಚೆ ಇದ್ರೆ ಒಳ್ಳೇದು ಸಾರ್. ಅವರು ಇಂಗ್ಲಿಷಲ್ಲಿ ಕೇಳ್ತಾರೆ" ಎಂದ.

ಹೀಗಾಗಿ ನನ್ನ ಸೆಂಟರಿನ ದೊಡ್ಡ ದಿನ ನಾನು ಅರಿಶಿನ ಕುಂಕುಮ ಮಾರುವ ಎದುರಿನ ಗ್ರಂಧಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ಅಂಗಡಿಯವನು ನನ್ನ ಹಳೆಯ ಗೆಳೆಯ.

"ಏನ್ಲಾ, ನಿನ್ ಜಾಗ್ದಿಂದ ನಿನ್ನೇ ಆಚೆಗಾಕವ್ರಾ?"

"ಕ್ವಾಲಿಟಿ ಬತ್ತಾ ಅದೆ ಕಣ್ಲಾ. ದಾರಿ ಬುಟ್ಟಿವ್ನಿ."

"ಅಂಗಾರೆ ಇಷ್ಟ್ ದಿನ ಇದ್ದಿದ್ದು ನೀನೊಬ್ಬನೇ ಅಡ್ಡ ಅನ್ನು."

ಅಷ್ಟರಲ್ಲಿ ಟೆಕ್ನಿಷಿಯನ್ ರಸ್ತೆ ದಾಟಿ ಓಡಿ ಬಂದಳು. ಹನಗೋಡಿನ ಹೆಂಗಸೊಬ್ಬಳಿಗೆ ಎದೆಯ ಎಕ್ಸ್-ರೇ, ತಪಾಸಣೆಯ ಡಾಕ್ಟರು ಪಕ್ಕದಲ್ಲೇ ನಿಂತು ನೋಡುತ್ತಿದ್ದಾರೆ. ಜೊತೆಗೆ ಬಂದ ಅತ್ತೆ ತಾಳಿ ತೆಗೆಯಲು ಬಿಡುತ್ತಿಲ್ಲ. ಕನ್ಸಲ್ಟೆಂಟ್ ಹೇಳಿದಂತೆ ಒಮ್ಮೆ ಬೆನ್ನಿಗೆ, ಒಮ್ಮೆ ಭುಜಕ್ಕೆ ಸರಿಸಿ ಎರಡು ಸಲ ತೆಗೆದಾಯಿತು. ಎರಡೂ ಹಾಳು. ಇತ್ತ ಫೈಲಿನಲ್ಲಿ, ಹಾಳಾಗಿ ಮತ್ತೆ ತೆಗೆದ ಎಕ್ಸ್-ರೇಗಳ ಗ್ರಾಫಿನ ಗೆರೆ ವರ್ಷವಿಡೀ ಸೊನ್ನೆಯ ಮೇಲೆ ಮಲಗಿತ್ತು. ಕನ್ಸಲ್ಟೆಂಟನೇ ಮಲಗಿಸಿದ್ದು.

ನಾನು ಗೆಳೆಯನ ಡಬ್ಬದಿಂದ ಒಂದು ಕೊಂಬು, ಒಂದು ಮೊಳ ದಾರ ತೆಗೆದುಕೊಂಡು ಹೋದೆ.

ಅತ್ತೆ ಬಾಗಿಲಲ್ಲೇ ಹಿಡಿದಳು. "ನೋಡಪ್ಪ, ತಾಳಿ ಬಿಚ್ಚು ಅಂತಾರೆ. ನನ್ ಮಗ ಗುಂಡ್ಕಲ್ಲಂಗವ್ನೆ, ಆಚೆ ಬೈಕ್ ಮ್ಯಾಲೆ ಕುಂತವ್ನೆ."

"ಮೊದ್ಲು ಇದ್ನ ಕಟ್ಟವ್ವ. ಆಮೇಲೆ ಅದ್ನ ಬಿಚ್ಚಿ ನಿನ್ ಕೈಲೇ ಇಟ್ಕೊ."

"ಅಂಗನ್ನು ಮತ್ತೆ. ಇವ್ರು ಗ್ವಾಡೆ ತೋರ್ಸಿ ಓದ್ಕೊ ಅಂತಾರೆ."

ಅವಳೇ ಸೊಸೆಗೆ ಕಟ್ಟಿದಳು. ಮೂರನೆಯದು ಕನ್ನಡಿಯಂತೆ ಬಂತು.

ತಪಾಸಣೆಯ ಡಾಕ್ಟರು ವಯಸ್ಸಾದ ಹೆಂಗಸು. "ಇದು ಯಾವ ಫೈಲಲ್ಲಿದೆ?" ಎಂದು ಕೇಳಿದರು. ಕನ್ಸಲ್ಟೆಂಟ್ ಹನ್ನೊಂದನ್ನೂ ತಿರುವಿದ. ಅವರು ನನ್ನ ಕಡೆ ತಿರುಗಿ, "ನೀವ್ಯಾರು?" ಎಂದರು.

"ಓನರ್. ಇಂಗ್ಲಿಷ್ ಬರಲ್ಲ ಅಂತ ಆಚೆ ಕೂರ್ಸಿದ್ರು."

"ಊಟ ಆದ್ಮೇಲೆ ನನಗೂ ಅಷ್ಟಾಗಿ ಬರಲ್ಲ. ಕೂತ್ಕೊಳಿ. ಈ ಸೊನ್ನೆ ನಿಜವೇನ್ರೀ?"

"ಅಲ್ಲ" ಎಂದೆ. ಕನ್ಸಲ್ಟೆಂಟ್ ನನ್ನ ಕಾಲು ತುಳಿದ. ಬೀರುವಿನಿಂದ ನನ್ನ ನೋಟ್‌ಬುಕ್ಕುಗಳನ್ನು ತೆಗೆದು ಅವರ ಮುಂದಿಟ್ಟೆ. ಹಾಳಾದ ಎಕ್ಸ್-ರೇ ಒಂದೊಂದಕ್ಕೂ ತಾರೀಖು, ಕಾರಣ ಎರಡನ್ನೂ ಬರೆದಿಟ್ಟಿದ್ದೇನೆ: ಅಲ್ಲಾಡಿದರು. ಉಸಿರು ಬಿಟ್ಟರು. ತಾಯತ. ಡಬ್ಬಿ ಇಟ್ಟ ವರ್ಷದಿಂದ 'ತಾಳಿ' ಎಂಬ ಪದ ಅದರಲ್ಲಿಲ್ಲ. ಡಬ್ಬಿ ಕಸಕ್ಕೆ ಬಿದ್ದ ಮೇಲೆ ನಾಲ್ಕು ಸಲ ಇದೆ.

ಅವರು ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ಓದಿದರು. ಎರಡು ತಪ್ಪು ಬರೆದುಕೊಂಡರು. ಒಂದು, ಸೊನ್ನೆಯ ಗೆರೆ ಸುಳ್ಳು, ನೋಟ್‌ಬುಕ್ಕಿನ ಲೆಕ್ಕ ಹಾಕಬೇಕು. ಎರಡು, ಅರಿಶಿನದ ಪದ್ಧತಿಗೆ ಲಿಖಿತ ಕಾಗದವಿಲ್ಲ. ಸರಿಪಡಿಸಲು ಒಂದು ತಿಂಗಳು.

ಕಸಕ್ಕೆ ಸುರಿದ ಕೈಯೇ ಅರಿಶಿನದ ಬಗ್ಗೆ ನಾಲ್ಕು ಪುಟ ಬರೆಯಿತು. ಅದರಲ್ಲಿ ದಾರದ ಉದ್ದ, ಗಂಟಿನ ಜಾಗ, ಸಾಮಾನು ಹಾಳಾಗುವ ದಿನಾಂಕದ ಖಾನೆ ಎಲ್ಲವೂ ಇದ್ದವು.

"ಕೊಂಬಿಗೆ ಎಕ್ಸ್‌ಪೈರಿ ಏನ್ ಹಾಕ್ಲಿ ಸಾರ್?"

"ಗಂಡ ಇರೋಗಂಟ ಅಂತ ಹಾಕು."

ಹಾಕಲಿಲ್ಲ. ಆರು ತಿಂಗಳು ಎಂದು ಹಾಕಿದ. ಸರ್ಟಿಫಿಕೇಟ್ ಬಂತು. ಜೊತೆಗಿದ್ದ ವರದಿಯಲ್ಲಿ ಮೊದಲನೆಯ ಹೊಗಳಿಕೆ ಅರಿಶಿನಕ್ಕೇ. ಆ ನಾಲ್ಕು ಪುಟದ ಕೊನೆಯಲ್ಲಿ, ಅದನ್ನು ಅಳವಡಿಸಿದವರು ಎಂಬಲ್ಲಿ ಕನ್ಸಲ್ಟೆಂಟನ ಸಹಿ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಎಕ್ಸ್-ರೇ ಯಂತ್ರ, ನೇತುಹಾಕಿದ ಮೂರು ಏಪ್ರನ್, ಹನ್ನೆರಡು ಫೈಲು, ಗೋಡೆಯ ಮೇಲೆ ಒಂದು ಸರ್ಟಿಫಿಕೇಟು, ನನ್ನ ಕೈಬರಹದ ಏಳು ನೋಟ್‌ಬುಕ್ಕು, ಸ್ಟೀಲ್ ಡಬ್ಬಿಯಲ್ಲಿ ಇಪ್ಪತ್ಮೂರು ಅರಿಶಿನದ ಕೊಂಬು.