ನಡುಹೊಳೆಯ ನಡಿಗೆ

ಅದು ಚೈತ್ರವೇ ಆಗಿತ್ತೋ, ದಂಡೆಯ ಹೊಂಗೆಯ ಚಿಗುರನ್ನು ನೆನಪು ಆಮೇಲೆ ತಂದು ಅಂಟಿಸಿತೋ, ಖಾತ್ರಿಯಿಲ್ಲ. ದೇವಸುಗೂರಿನ ಬಳಿ ಕೃಷ್ಣೆ ಅರ್ಧ ನೀರು, ಅರ್ಧ ಬಂಡೆಯಾಗಿದ್ದದ್ದು ಮಾತ್ರ ನಿಜ. ದುಂಡನೆಯ ಬುಟ್ಟಿಯಂಥ ತೊಗಲಿನ ಹರಗೋಲಿನಲ್ಲಿ ಇದ್ದವರು ನಾನು, ಅಂಬಿಗ, ಮತ್ತು ಮಗಳಿಗೆ ಹೆರಿಗೆ ಬೇನೆ ಎದ್ದಿದೆಯೆಂದು ಸುದ್ದಿ ಬಂದು ಆಚೆ ದಂಡೆಯ ಊರಿಗೆ ಹೊರಟಿದ್ದ ಒಬ್ಬ ಮುದುಕಿ. ನಡುಹೊಳೆಯಲ್ಲಿ ನೀರು ಮುಗಿದು ಬಂಡೆ ಎದುರಾಯಿತು.

"ಯವ್ವಾ, ಇಳಿಬೇ," ಎಂದ ಅಂಬಿಗ.

"ಮಗಳು ಅಲ್ಲಿ ಒದ್ದಾಡಾಕತ್ತಾಳ, ನೀ ನಡುಹೊಳ್ಯಾಗ ಇಳಿ ಅಂತೀಯಲ್ಲೋ ಖೋಡಿ!"

"ಇಷ್ಟೊತ್ತು ಇದು ನಿನ್ನ ಹೊತ್ತದ. ಈಗ ಇದನ್ನ ನಾ ಹೊರ್ತೀನಿ. ಲಗೂ ನಡಿ."

ಅವನು ಹರಗೋಲನ್ನು ಬೋರಲಾಗಿ ತಲೆಯ ಮೇಲೆ ಹೊತ್ತ. ಬಂಡೆ ಕಾದಿತ್ತು. ಮುದುಕಿ ನೆರಳಿಗೆಂದು ಬಗ್ಗಿ ಅದರ ಕೆಳಗೇ ಸೇರಿಕೊಂಡಳು. ನನ್ನ ಮುಂದೆ ನಾಲ್ಕು ಕಾಲಿನ ಬುಟ್ಟಿಯೊಂದು ಜಗಳವಾಡುತ್ತ ನಡೆಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಂಬಿಗನ ದನಿ ಮೆತ್ತಗೆ ಕೇಳಿತು: "ಅಳಬ್ಯಾಡಬೇ, ಸುಖದಾಗ ಹಡೀತಾಳ."

ಮತ್ತೆ ನೀರು ಸಿಕ್ಕಿತು, ಮತ್ತೆ ಹತ್ತಿದೆವು. ದಂಡೆ ಮುಟ್ಟುವ ಮೊದಲೇ ಆಕೆ ಮೊಣಕಾಲುದ್ದ ನೀರಿಗಿಳಿದು, ಸೀರೆ ಎತ್ತಿಕಟ್ಟಿ ಓಡಿದಳು. ನನ್ನ ದಾರಿ ಬೇರೆಯಿತ್ತು. ಆಕೆ ಹೊತ್ತಿಗೆ ಮುಟ್ಟಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.